ಪಕ್ಕದವರ ಉಸಿರು

ಎರಡನೆಯ ಸಲವೂ ಆ ಮೇಲಿನ ಸ್ವರ ಕೈಕೊಟ್ಟಿತು. ಸಾಲ್ ಫುಸ್ಕೊನ ಕ್ಲಾರಿನೆಟ್ಟು ತಳದಿಂದ ಬೆಚ್ಚಗೆ ಏರುತ್ತ ಬಂದು, ಇನ್ನೇನು ಗಾಯಕಿಗೆ ಹಾಡನ್ನು ಒಪ್ಪಿಸಬೇಕು ಎನ್ನುವಷ್ಟರಲ್ಲಿ ಬರೀ ಗಾಳಿಯಾಗಿಬಿಟ್ಟಿತು.

ಗಾಜಿನಾಚೆಯ ಕೋಣೆಯಿಂದ ವೆಂಡೆಲ್‌ನ ದನಿ ಸ್ಪೀಕರಿನಲ್ಲಿ ಬಂತು. ರೆಕಾರ್ಡು ಮಾಡಿಸುತ್ತಿದ್ದವನು ಅವನೇ. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ, ಕೂದಲು ಆಗಲೇ ಭುಜ ದಾಟಿತ್ತು.

"ಏನ್ ಸಾಲ್, ಬೆಳಗ್ಗೆ ತಿಂಡಿ ಆಗ್ಲಿಲ್ವಾ? ಆ ಸ್ವರ ಅವಳು ಬಾಯಿ ತೆರೆಯೋವರೆಗೂ ನಿಲ್ಲಬೇಕು. ಕೇಳೋರು ಕಾರಲ್ಲಿ ಕೂತು ಹಳೇ ಪ್ರೀತೀನ ನೆನೆಸ್ಕೋಬೇಕು, ಟೈರ್ ಪಂಚರ್ ಆಯ್ತಾ ಅಂತ ಇಳಿದು ನೋಡೋದಲ್ಲ."

"ರೀಡು ಒಣಗಿದೆ ಕಣಪ್ಪ," ಎಂದ ಸಾಲ್. "ಇನ್ನೊಂದ್ಸಲ ಹೋಗೋಣ."

ರೀಡಿಗೆ, ಬಾಯಿಗಿಡುವ ತುದಿಯ ಆ ಜೊಂಡಿನ ಪಟ್ಟಿಗೆ, ಏನೂ ಆಗಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಎರಡನೆಯ ಕ್ಲಾರಿನೆಟ್ ಹಿಡಿದು ಕೂತಿದ್ದ ಮಗಳು ಲೊರೇನ್‌ಗೆ ಅದು ಗೊತ್ತಿತ್ತು. ಇಡೀ ಹಾಲಿವುಡ್ಡಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಚಳಿಗಾಲದಲ್ಲಿ ಅಪ್ಪ ಮೇಲಿನ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡಿದ್ದ. ಕ್ಲಾರಿನೆಟ್ಟು ನಿಲ್ಲುವುದೇ ಮೇಲಿನ ಹಲ್ಲಿನ ಆಸರೆಯಲ್ಲಿ. ಹೊಸ ಹಲ್ಲುಸೆಟ್ಟು ಕೆಳಗಿನ ಸ್ವರಗಳಿಗೆ ಹೇಗೋ ಸುಮ್ಮನಿರುತ್ತಿತ್ತು, ಮೇಲಕ್ಕೆ ಹೋದರೆ ಅಲುಗಾಡುತ್ತಿತ್ತು. ಸ್ಟುಡಿಯೋಗಳಲ್ಲಿ ಈ ಸುದ್ದಿ ಹಬ್ಬಿದರೆ ಮುಗಿಯಿತು, ಮನೆಯ ಫೋನು ಮತ್ತೆ ಬಡಿದುಕೊಳ್ಳುವುದಿಲ್ಲ. ಅದಕ್ಕೇ ಅಪ್ಪ ಮಧ್ಯಾಹ್ನ ಯಾರ ಜೊತೆಯೂ ಊಟಕ್ಕೆ ಕೂರುತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಹೇಳಿ, ಕಾರಿನಲ್ಲಿ ಒಬ್ಬನೇ ಕೂತು ಫ್ಲಾಸ್ಕಿನ ಸೂಪು ಕುಡಿಯುತ್ತಿದ್ದ.

ಕುಣಿತದ ಬ್ಯಾಂಡುಗಳ ಕಾಲದಲ್ಲಿ ಕ್ಲಾರಿನೆಟ್ಟೇ ರಾಜನಾಗಿದ್ದಾಗ ದೀಪದ ಬೆಳಕಿನಲ್ಲಿ ಎದ್ದು ನಿಂತು ನುಡಿಸಿದವನು ಅಪ್ಪ. ಗಿಟಾರು ಬಂತು, ರಾಜ್ಯ ಹೋಯಿತು. ಈಗ ಈ ಮೆತ್ತನೆಯ ಹಾಡುಗಳ ಕಾಲದಲ್ಲಿ, ಎರಡು ಚರಣಗಳ ನಡುವೆ ಎಂಟು ಬಾರ್‌ನಷ್ಟು, ಎಂದರೆ ತಾಳದ ಎಂಟು ಆವರ್ತದಷ್ಟು, ಹಳೆಯ ನೆನಪು ಬೇಕೆಂದಾಗ ಮತ್ತೆ ಕರೆ ಬರುತ್ತಿತ್ತು. ರೆಕಾರ್ಡಿನ ಹೊದಿಕೆಯ ಮೇಲೆ ಹೆಸರೇನೂ ಇರುತ್ತಿರಲಿಲ್ಲ. ಆದರೂ ಸೂಪರ್‌ಮಾರ್ಕೆಟ್ಟಿನಲ್ಲಿ ಆ ಹಾಡು ಕೇಳಿಬಂದರೆ ಅಪ್ಪ ತಳ್ಳುಗಾಡಿ ನಿಲ್ಲಿಸಿ, ತನ್ನ ಎಂಟು ಬಾರ್ ಮುಗಿಯುವವರೆಗೆ ಬಟಾಣಿ ಡಬ್ಬಿಯ ಬೆಲೆ ನೋಡುತ್ತ ನಿಲ್ಲುತ್ತಿದ್ದ.

ಮೂರನೆಯ ಸಲ ಲೊರೇನ್ ಸುಮ್ಮನೆ ಕೂರಲಿಲ್ಲ. ಹಾಡಿನ ಕೊನೆಯ ಜೋಡಿಸ್ವರಗಳು ಬಿಟ್ಟರೆ ಅವಳಿಗೆ ಬೇರೆ ಕೆಲಸವಿರಲಿಲ್ಲ, ಆದರೂ ರೀಡನ್ನು ತುಟಿಗಿಟ್ಟುಕೊಂಡಳು. ಅಪ್ಪ ಏರುತ್ತ ಹೋದ. ತುದಿಯಲ್ಲಿ ದನಿ ನಡುಗಿದ ಕೂಡಲೇ ಅವಳು ಅದೇ ಸ್ವರವನ್ನು ಮೆಲ್ಲಗೆ ಹಿಡಿದುಕೊಂಡಳು. ಅಪ್ಪ ಊದುವುದನ್ನು ನಿಲ್ಲಿಸಿದ, ಬೆರಳುಗಳನ್ನು ಮಾತ್ರ ಹಾಗೆಯೇ ಇಟ್ಟುಕೊಂಡ. ಇಬ್ಬರಿಗೂ ಮೈಕು ಒಂದೇ, ಕಲಿತ ಉಸಿರೂ ಒಂದೇ. ಸ್ವರ ಎಲ್ಲೂ ಮುರಿಯದೆ ನಿಂತು ಕರಗಿತು.

ಈ ಕಸುಬಿನಲ್ಲಿ ಇದು ಹೊಸದೇನಲ್ಲ. ಪಕ್ಕದವರ ಉಸಿರು ಮುಗಿದರೆ ನಿನ್ನದು ಕೊಡು, ಕಣ್ಣು ಹಾಳೆಯ ಮೇಲಿರಲಿ, ಬಾಯಿ ಬಿಡಬೇಡ ಎಂದು ಅವಳಿಗೆ ಕಲಿಸಿದವನೇ ಅಪ್ಪ. ಇಬ್ಬರೂ ಹಾಳೆ ನೋಡುತ್ತ ಕೂತರು.

"ಅಬ್ಬಾ ಸಾಲ್!" ಎಂದು ವೆಂಡೆಲ್ ಕೂಗಿದ. "ಆ ಕೊನೇ ಸ್ವರ ಕೇಳಿ ಇಲ್ಲಿ ಎಲ್ಲರ ಮೈ ಜುಮ್ ಅಂತು. ಲೊರೇನ್, ಕೇಳಿಸ್ಕೊಂಡ್ಯಾ? ಪಕ್ಕದಲ್ಲಿ ಕೂತ್ರೆ ಸಾಲ್ದು ತಾಯೀ, ಸ್ವಲ್ಪ ಕಲಿತ್ಕೋಬೇಕು. ಹುಡುಗೀರಿಗೆ ಅಷ್ಟು ದಮ್ಮು ಎಲ್ಲಿಂದ ಬರುತ್ತೆ ಬಿಡು."

ಕೋಣೆಯೊಳಗೆ ಯಾರೋ ನಕ್ಕರು. ಅಪ್ಪನೂ ನಕ್ಕ. ತುಟಿ ಒರೆಸಿಕೊಂಡು, "ಎಲ್ಲಾ ಅಭ್ಯಾಸ ಕಣಪ್ಪ," ಎಂದ.

ಅಷ್ಟೇ ಅಂದದ್ದು. ಪಾಪ, ಇನ್ನೇನು ಅನ್ನಬಹುದಿತ್ತು? ಆದರೆ ವರ್ಷಗಟ್ಟಲೆ ಎರಡನೆಯ ಕುರ್ಚಿಯಲ್ಲಿ ಕೂತವಳು ಕ್ಲಾರಿನೆಟ್ಟನ್ನು ಮಡಿಲಿಗಿಳಿಸಿ ಗಾಜಿನತ್ತ ನೋಡಿದಳು.

"ಅದು ನಾನು," ಎಂದಳು ಲೊರೇನ್.

"ಏನಂದೆ?"

"ಆ ಸ್ವರ ನುಡಿಸಿದ್ದು ನಾನು. ಅವರಿಗೆ ಅದು ಬರ್ತಾ ಇಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೊದಲ ಮಾತಿಗೇ ನಿಲ್ಲಿಸಿದ್ದರೆ ಹೇಗೋ ತಮಾಷೆಯಾಗಿ ತೇಲಿಹೋಗುತ್ತಿತ್ತು. ಎರಡನೆಯದು ನಾಲಿಗೆ ದಾಟಿದ್ದೇ ತಡ, ಅವಳ ಕಿವಿಯವರೆಗೂ ಬಿಸಿ ಏರಿತು. ಗಾಜಿನಾಚೆ ತಲೆಗಳು ಒಂದೊಂದಾಗಿ ಮೇಲೆದ್ದವು. ಅಪ್ಪನ ಕಡೆ ತಿರುಗುವ ಧೈರ್ಯ ಅವಳಿಗಿರಲಿಲ್ಲ.

"ಸಾಲ್? ಏನಿದು?"

"ನಾನೇ ಹೇಳಿದ್ದು ಕಣಯ್ಯಾ," ಎಂದ ಅಪ್ಪ, ಗಟ್ಟಿಯಾಗಿ, ನಗುತ್ತ. "ಕೊನೇದು ನೀನು ತಗೋ ಮಗಳೇ, ಆ ಉದ್ದ ಕೂದಲಿನವನಿಗೆ ಗೊತ್ತಾಗುತ್ತಾ ನೋಡೋಣ ಅಂದಿದ್ದೆ. ಗೊತ್ತಾಯ್ತಾ? ಇಲ್ಲ. ನಿನ್ನ ಕಿವಿಗೆ ಸಂಬಳ ಬೇರೆ ಕೊಡ್ತಾರೆ!"

ಮತ್ತೆ ನಗು. ಅಪ್ಪ ಹಾಗೆ ಹೇಳಿಯೇ ಇರಲಿಲ್ಲ. ತನ್ನನ್ನು ಬೀದಿಗೆ ತಂದವಳ ಮಾನವನ್ನು ಅವನು ನಿಂತ ನಿಲುವಿನಲ್ಲಿ ಕಾಯುತ್ತಿದ್ದ. ಲೊರೇನ್ ನಾಚಿಕೆಯಿಂದ ಹಿಡಿಯಷ್ಟಾದಳು.

"ಸರಿ ಹಾಗಾದ್ರೆ," ಎಂದ ವೆಂಡೆಲ್, ದನಿಯಲ್ಲೀಗ ತಮಾಷೆಯಿರಲಿಲ್ಲ. "ಎಂಟು ಬಾರೂ ಅವಳೇ ನುಡಿಸ್ಲಿ. ಕುರ್ಚಿ ಬದಲಾಯಿಸ್ಕೊಳ್ಳಿ."

"ಬೇಡ. ಅಪ್ಪನೇ ನುಡಿಸ್ಲಿ," ಎಂದಳು. ಸ್ಟುಡಿಯೋದೊಳಗೆ ಅವಳು ಅವನನ್ನು ಅಪ್ಪ ಎಂದು ಕರೆದವಳಲ್ಲ.

"ಏಳಮ್ಮ," ಎಂದ ಅವನು ಮೆಲ್ಲಗೆ. "ಹೊತ್ತು ಹೋಗುತ್ತೆ."

ಅಪ್ಪ ಆಳು ಎತ್ತರ, ಅವಳು ಗಿಡ್ಡಿ. ಅವನೇ ಮೈಕಿನ ತಿರುಪು ಸಡಿಲಿಸಿ, ಅವಳ ಎತ್ತರಕ್ಕೆ ಇಳಿಸಿ, ಬಿಗಿಮಾಡಿ, "ಸಾಕಾ?" ಎಂದು ಕೇಳಿದ. ಅವಳು ತಲೆಯಾಡಿಸಿದಳು, ಕಣ್ಣೆತ್ತಲಿಲ್ಲ.

ತಪ್ಪಾಗಲಿ ಎಂದು ಅವಳ ಅರ್ಧ ಮನಸ್ಸು ಬೇಡಿಕೊಂಡಿತು. ತಪ್ಪಾಗಲಿಲ್ಲ. ತಳದ ಸ್ವರಗಳು ಮರದ ಬಿಸುಪಿನೊಂದಿಗೆ ಬಂದವು, ಒಂದರ ಕೈ ಹಿಡಿದು ಒಂದು ಏರಿದವು, ಕೊನೆಯದು ಗಾಯಕಿಯ ಮೊದಲ ಮಾತಿನವರೆಗೂ ನಿಂತಿತು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ನುಡಿಸಿರಲಿಲ್ಲ, ಅದೇ ಅವಳಿಗೆ ಸಹಿಸಲಾಗಲಿಲ್ಲ. ಹಾಡಿನ ಕೊನೆಯ ಜೋಡಿಸ್ವರಗಳಲ್ಲಿ ಅಪ್ಪ ಕೆಳಗಿನ ಎಳೆ ಹಿಡಿದ, ಎಲ್ಲೂ ಅವಳನ್ನು ಮೀರದೆ.

"ಇದೇ! ಇದೇ ಬೇಕಾಗಿತ್ತು!" ಎಂದ ವೆಂಡೆಲ್. "ಕೂತ್ಕೊಳ್ಳಿ, ಕೇಳಿಸ್ತೀನಿ."

ಟೇಪು ಹಿಂದಕ್ಕೆ ಸುತ್ತಿತು, ಹಾಡು ಶುರುವಾಯಿತು. ವೆಂಡೆಲ್ ಬಾಗಿಲು ತೆರೆದು ಒಳಗೆ ಬಂದು ಲೊರೇನ್‌ಳ ಭುಜ ತಟ್ಟಿದ. ಅವನ ಹಿಂದೆ ಇನ್ನಿಬ್ಬರು ಬಂದು ನಿಂತರು. ಎಂಟು ಬಾರ್ ಬಂದಾಗ ಅವಳು ಕೊನೆಗೂ ಪಕ್ಕಕ್ಕೆ ನೋಡಿದಳು.

ಅಪ್ಪ ಜೇಬಿನಿಂದ ಕರವಸ್ತ್ರ ತೆಗೆದು, ಎಲ್ಲರೆದುರಿಗೇ ಬಾಯಿಗೆ ಕೈಹಾಕಿ ಹಲ್ಲುಸೆಟ್ಟನ್ನು ತೆಗೆದ. ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಒಳಕ್ಕೆ ಕುಸಿದ ತುಟಿಯಲ್ಲಿ, ಕಣ್ಣು ಮುಚ್ಚಿ, ಹಾಡು ಕೇಳುತ್ತ ಕೂತ.