ಬಿಜಲಿಯ ಹಿಂಗಾಲು

ಜಕ್ಕಪ್ಪನ ಕೈಗುಣದ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಧೋಳದಿಂದ ಬೀಳಗಿಯವರೆಗೆ ಯಾವ ಕುರಿಗಾರನನ್ನು ಕೇಳಿದರೂ ಒಂದೇ ಮಾತು: "ಜಕ್ಕಪ್ಪ ಸೂಜಿ ಚುಚ್ಚಿದ ಅಂದ್ರ ಸಾಯೂ ಕುರಿನೂ ಎದ್ದ ಮೇಯತೈತ್ರಿ." ಬನಹಟ್ಟಿಯ ನೂಲಿನ ವ್ಯಾಪಾರಿಯ ಮಗಳು ವೈಶಾಲಿ, ವರ್ಷಗಟ್ಟಲೆ ಓದಿ ಪಶು ದವಾಖಾನೆಯ ಕುರ್ಚಿಯ ಮೇಲೆ ಕೂತ ನಾನು, ಈ ಜನಕ್ಕೆ ಕೊನೆಯ ದಾರಿ. ಮೊದಲು ಜಕ್ಕಪ್ಪನ ಸೂಜಿ, ಆಮೇಲೆ ಬೀರಪ್ಪ ದೇವರ ಭಂಡಾರ, ಎರಡೂ ನಡೆಯದಿದ್ದರೆ ಡಾಕ್ಟರಬಾಯಿ.

ಅವನ ಪದ್ಧತಿ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಹೆಗಲ ಚೀಲದಲ್ಲಿ ಔಷಧ ಅಂಗಡಿಯಿಂದ ತಂದ ಒಂದು ಬಾಟಲಿ, ಒಂದು ಸಿರಿಂಜು. ಹಿಂಡಿನಲ್ಲಿ ಒಂದು ಕುರಿ ಕೆಮ್ಮಿದರೆ ಎಲ್ಲ ಕುರಿಗಳಿಗೂ ಚೂರುಚೂರು ಚುಚ್ಚುತ್ತಿದ್ದ. ಯಾಕಪ್ಪ ಎಂದು ಒಮ್ಮೆ ಸಂತೆಯಲ್ಲಿ ತಡೆದು ಕೇಳಿದ್ದೆ. "ಒಂದಕ್ಕ ಹಾಕಿ ಇನ್ನೊಂದಕ್ಕ ಬಿಟ್ರ ಪಂಕ್ತಿಭೇದ ಆಕ್ಕೈತ್ರಿ ಬಾಯಾರ. ಎಲ್ಲಾ ನನ್ನ ಮಕ್ಕಳಽ ಅಲ್ಲನ?" ಎಂದಿದ್ದ. ಪ್ರಸಾದ ಹಂಚಿದ ಹಾಗೆ ಔಷಧ ಹಂಚುವ ಪುಣ್ಯಾತ್ಮನಿಗೆ ಏನು ಹೇಳುವುದು? ಕುರಿ ಎದ್ದು ಸೊಪ್ಪು ಕಡಿಯಿತೆಂದರೆ ಸೂಜಿ ಚೀಲಕ್ಕೆ ಹೋಗುತ್ತಿತ್ತು.

ಅಂಥ ಜಕ್ಕಪ್ಪ ಒಂದು ಮುಂಜಾನೆ ನನ್ನ ದವಾಖಾನೆಯ ಮುಂದೆ ನಿಂತಿದ್ದ. ಕಾರಖಾನೆಯಲ್ಲಿ ಕಬ್ಬು ಇಳಿಸಿ ಖಾಲಿಯಾಗಿ ಮರಳುತ್ತಿದ್ದ ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಒಂದು ಕೆಂಪು ಹೆಣ್ಣುಕುದುರೆ. ಅದರ ಕುತ್ತಿಗೆ ತಬ್ಬಿಕೊಂಡು ಅವನ ಹೆಂಡತಿ ಹೊಳೆವ್ವ.

ಕುದುರೆಯ ಹೆಸರು ಬಿಜಲಿ. ಹೊಳೆವ್ವ ಮದುವೆಯಾಗಿ ಬರುವಾಗ ತವರಿನಿಂದ ಜೊತೆಗೆ ಬಂದ ಮರಿ. ಈಗ ಆ ಸಂಸಾರವೆಲ್ಲ ಅದರ ಬೆನ್ನ ಮೇಲಿತ್ತು: ಡೇರೆ, ಪಾತ್ರೆ, ಹಿಟ್ಟಿನ ಚೀಲ, ನಡೆಯಲಾರದ ಎಳೆ ಕುರಿಮರಿಗಳು. ಕಬ್ಬು ಕಡಿದ ಹೊಲದಲ್ಲಿ ನಡೆಯುವಾಗ ಚೂಪಾದ ಕೂಳೆಯೊಂದು ಎಡ ಹಿಂಗಾಲಿನ ಮೊಣಗಂಟಿಗೆ ಹೊಕ್ಕಿತ್ತು. ಜಕ್ಕಪ್ಪ ಕುರಿಗೆ ಹಾಕುವ ಅಳತೆಯಲ್ಲೇ ಕುದುರೆಗೂ ಚುಚ್ಚಿದ್ದ. ಬಾವು ಇಳಿದಾಗ ಬಿಟ್ಟ, ಏರಿದಾಗ ಮತ್ತೆ ಚುಚ್ಚಿದ. ಬಾಟಲಿ ಬದಲಿಸಿದ. ಈಗ ಕಾಲು ಕುಂಬಳಕಾಯಿಯಂತಾಗಿತ್ತು, ಕೀವು ಸೋರುತ್ತಿತ್ತು, ನಾತಕ್ಕೆ ಮೂಗು ಮುಚ್ಚಬೇಕು.

"ಕಾಲ ಹೋಗತೈತೇನ್ರಿ?" ಎಂದಳು ಹೊಳೆವ್ವ.

"ಕಾಲು ಹೋದರೆ ಕುದುರೆ ಉಳಿಯುವುದಿಲ್ಲವ್ವ" ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ? ಮೂರು ಕಾಲಿನ ನಾಯಿ ಬಾಳುತ್ತದೆ, ಮೂರು ಕಾಲಿನ ಕುದುರೆ ಬಾಳುವುದಿಲ್ಲ.

ಗಾಯ ಸೀಳಿ ತೊಳೆದೆ. ಒಳಗಿನ ಕೀವನ್ನು ಹತ್ತಿಯ ಕಡ್ಡಿಗೆ ಹಚ್ಚಿ ಪ್ರಯೋಗಾಲಯಕ್ಕೆ ಕಳಿಸಿದೆ. ಅಲ್ಲಿಂದ ಉತ್ತರ ಬರುವತನಕ ಸುಮ್ಮನಿರಲಾಗದೆ ನಮ್ಮಲ್ಲಿದ್ದ ದೊಡ್ಡ ಹೆಸರಿನ ಹೊಸ ಔಷಧ ಶುರು ಮಾಡಿದೆ. ಅದು ನೀರು ಚುಚ್ಚಿದಂತಾಯಿತು. ಜ್ವರ ಇಳಿಯಲಿಲ್ಲ, ಬಿಜಲಿ ತಲೆ ಎತ್ತಲಿಲ್ಲ. ನನ್ನ ಸಹಾಯಕ ಗಿರಮಲ್ಲಪ್ಪ ಕುದುರೆಯ ಮುಖ ನೋಡುವುದನ್ನೇ ಬಿಟ್ಟ. ನಿಜ ಹೇಳುತ್ತೇನೆ, ನನಗೂ ಹೆದರಿಕೆ ಹತ್ತಿತ್ತು.

ಪ್ರಯೋಗಾಲಯದವರು ಫೋನು ಮಾಡಿದಾಗ ನಾನು ನಿಂತೇ ಕೇಳಿದೆ. ಆ ಗಾಯದ ರೋಗಾಣುವಿಗೆ, ಇಲ್ಲಿಯ ಜನ ಹುಳ ಅನ್ನುವುದಕ್ಕೆ, ಜಕ್ಕಪ್ಪನ ಬಾಟಲಿಗಳೂ ನಾಟುತ್ತಿರಲಿಲ್ಲ, ನನ್ನ ದೊಡ್ಡ ಹೆಸರಿನ ಔಷಧವೂ ನಾಟುತ್ತಿರಲಿಲ್ಲ. ನಾಟುವುದು ಒಂದೇ ಒಂದು, ಜೆಂಟಾಮೈಸಿನ್. ಹಳೇ ಕಾಲದ್ದು, ಎಲ್ಲರೂ ಮರೆತು ಮೂಲೆಗಿಟ್ಟದ್ದು. ನಮ್ಮ ಕಪಾಟಿನಲ್ಲೇ ಇತ್ತು. ನಾನು ಹುಚ್ಚಿಯ ಹಾಗೆ ಕಪಾಟಿನತ್ತ ಓಡಿದೆ.

ಗಂಡ ಹೆಂಡತಿಯನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದೆ. "ಹಾವನ್ನ ಅರೆಜೀವ ಮಾಡಿ ಬಿಟ್ರ ಏನಾಗತೈತಿ ಜಕ್ಕಪ್ಪ? ಈ ಹುಳಾನೂ ಹಂಗಽ. ಪೂರಾ ಹೊಡಿಬೇಕು, ಇಲ್ಲಾ ಮುಟ್ಟಬಾರದು. ಇದೊಂದಽ ಔಷಧ ಉಳದೈತಿ. ಇದನ್ನೂ ಅರ್ಧಕ್ಕ ಬಿಟ್ರ ನನ್ನ ಕೈಯಾಗ ಏನೂ ಇಲ್ಲ."

ಹೊಳೆವ್ವ ತಲೆಯಾಡಿಸಿದಳು. ಜಕ್ಕಪ್ಪ ಆಕಾಶ ನೋಡಿದ.

ಈ ಹುಳ ಬೇರೆ ದನಗಳಿಗೆ ಹತ್ತದಿರಲೆಂದು ಬಿಜಲಿಯನ್ನು ದವಾಖಾನೆಯ ಹಿತ್ತಲ ಬೇವಿನ ಮರಕ್ಕೆ ಕಟ್ಟಿಸಿದೆ. ಹೊಳೆವ್ವ ಅಲ್ಲೇ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯತೊಡಗಿದಳು. ಕಾವಲೆಂದರೆ ಅವಳದು ಕಾವಲು. ದನ ಹಿಡಿದು ಆ ಕಡೆ ಬಂದವರಿಗೆ ಬೈಗುಳದ ಮಳೆ. ನನ್ನನ್ನೂ ಬಿಡುತ್ತಿರಲಿಲ್ಲ. "ಬಾಯಾರ, ಸಾಬಾಣ ಹಚ್ಚಿ ಕೈ ತೊಳಕೊಂಡ್ರ್ಯಾ?" ನಾನೇ ಕಲಿಸಿದ್ದು, ನನಗೇ ತಿರುಗಿತ್ತು. ತೊಳೆದಿದ್ದರೂ ಮತ್ತೆ ತೊಳೆಯುತ್ತಿದ್ದೆ.

ಆ ಔಷಧ ಶುರುವಾದ ನಾಲ್ಕನೆಯ ದಿನ ಬಿಜಲಿ ಮೇವಿಗೆ ಬಾಯಿ ಹಾಕಿತು. ಸಂಜೆಗೆ ಎಡಗಾಲನ್ನು ಮೆಲ್ಲಗೆ ನೆಲಕ್ಕೆ ಊರಿತು. ಮರುದಿನ ಮುಂಜಾನೆ ನಾನು ಬರುವಷ್ಟರಲ್ಲಿ ಜಕ್ಕಪ್ಪ ಹಗ್ಗ ಬಿಚ್ಚುತ್ತಿದ್ದ.

"ಗುಣ ಆತಲ್ರಿ. ಇನ್ನ ಕರಕೊಂಡ ಹೊಂಟೀವಿ."

"ಕೈ ತೆಗಿ!" ಎಂದೆ. ನನ್ನ ದನಿ ರಸ್ತೆಯವರೆಗೆ ಕೇಳಿಸಿರಬೇಕು.

ಅವನದೂ ಸುಳ್ಳು ನೆಪವಲ್ಲ. ಬಾಡಗಂಡಿಯ ಶಿವಯೋಗೆಪ್ಪ ಗೌಡರ ಹೊಲದಲ್ಲಿ ಹಿಂಡು ಕೂಡ್ರಿಸುವುದಾಗಿ ಒಪ್ಪಿದ್ದ. ಕುರಿ ಕೂತು ಗೊಬ್ಬರ ಬಿದ್ದ ಮೇಲೆಯೇ ಗೌಡರು ನೇಗಿಲು ಹೂಡುವವರು. "ಮಾತ ಕೊಟ್ಟೇನ್ರಿ. ಕುರುಬನ ಮಾತ ತಪ್ಪಿದ್ರ ಮುಂದಿನ ವರ್ಷ ಯಾರ ಹೊಲಕ್ಕ ಕರೀತಾರ? ಕುದುರಿ ಇಲ್ಲದ ಡೇರೆ ಹೆಂಗ ಕೀಳ್ಲಿ?"

ನಾನು ಮತ್ತೆ ಹಾವಿನ ಕಥೆ ಎತ್ತುವಷ್ಟರಲ್ಲಿ ಹೊಳೆವ್ವ ಎದ್ದು ಬಂದು ಗಂಡನ ಕೈಯಿಂದ ಹಗ್ಗ ಕಿತ್ತುಕೊಂಡಳು.

"ಮಾತ ಕೊಟ್ಟಾಂವ ನೀ. ಹೊರಾಕ ಅಕಿ ಯಾಕ ಬೇಕು?"

"ಏ ಹೊಳೆವ್ವಾ, ಮೇವ ತಿನ್ನಾಕತ್ತೈತಲ್ಲ ಅದು!"

"ತಿನ್ಲಿ. ಬಾಯಾರು ಸಾಕು ಅನ್ನೂ ತನಕ ಇಲ್ಲಿಂದ ಏಳಂಗಿಲ್ಲ. ಕುದುರಿ ನನ್ನ ತವರಿಂದು. ನಿನ್ನ ಪಂಕ್ತಿ ನಿನ್ನ ಕುರಿಗಿ ಹಾಕ, ಹೋಗು. ಡೇರೆ ನಿನ್ನ ತಲಿ ಮ್ಯಾಲ ಹೊತಗೊಂಡ ಹೋಗು."

ಜಕ್ಕಪ್ಪ ನನ್ನ ಮುಖ ನೋಡಿದ, ಗಿರಮಲ್ಲಪ್ಪನ ಮುಖ ನೋಡಿದ, ಬಿಜಲಿಯ ಮುಖವನ್ನೂ ನೋಡಿದ. ಯಾರೂ ಅವನ ಕಡೆ ಇರಲಿಲ್ಲ. ತಲೆಯ ಪಟಗಾ ಸರಿಮಾಡಿಕೊಂಡು ಹೊರಟುಹೋದ.

ಮಾರನೆಯ ದಿನ ಗಿರಮಲ್ಲಪ್ಪ ಸುದ್ದಿ ತಂದ. ಜಕ್ಕಪ್ಪ ಖರೆಯೇ ಡೇರೆ ಹೊತ್ತಿದ್ದ! ತಲೆಯ ಮೇಲೆ ಪಾತ್ರೆಯ ಗಂಟು, ಬೆನ್ನಿಗೆ ಡೇರೆ, ಕಂಬಳಿಯ ಜೋಳಿಗೆಯಲ್ಲಿ ಎರಡು ಎಳೆ ಮರಿ. ಬಾಡಗಂಡಿಯ ದಾರಿಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರೆಲ್ಲ ನಿಂತು ನಕ್ಕರಂತೆ. ನಾನೂ ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಯಾಕೋ ಆ ಮನುಷ್ಯನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಕೊಟ್ಟ ಮಾತಿಗೆ ಕತ್ತೆಯ ಹಾಗೆ ಹೊರೆ ಹೊತ್ತವನನ್ನು ಎಷ್ಟಂತ ಬೈಯುವುದು?

ಅಂದಿನಿಂದ ಹಿಂಡನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ, ಸಿಕ್ಕ ಟ್ರ್ಯಾಕ್ಟರು ಹತ್ತಿ, ದಿನಾ ಸಂಜೆ ಬರತೊಡಗಿದ. ದೂರ ಕೂತು ನಾನು ಔಷಧ ಎಳೆಯುವುದನ್ನು ನೋಡುತ್ತಿದ್ದ. ಒಂದು ಸಂಜೆ ತಡೆಯಲಾರದೆ ಕೇಳಿದ. "ಒಂದಽ ಕುದುರಿಗಿ ಇಷ್ಟ? ಇಷ್ಟರಾಗ ನಾ ಅರ್ಧ ಹಿಂಡ ಮುಗಸ್ತಿದ್ನಿ."

"ಅದಕ್ಕಽ ಹುಳ ಸಾಯಲಿಲ್ಲ. ನೀ ಚೂರುಚೂರು ಕೊಟ್ಟಾಗೊಮ್ಮೆ ಅವು ಗಟ್ಟಿ ಆದವು."

ಅವನು ಖಾಲಿ ಬಾಟಲಿ ಎತ್ತಿಕೊಂಡು ತಿರುಗಿಸಿ ನೋಡಿದ. "ಹಂಗಾರ ಕುರಿ ಜೋಡಿ ಅವನ್ನೂ ನಾನಽ ಸಾಕೇನಿ ಅನ್ರಿ" ಎಂದ. ಬೆಳೆದ ಗಂಡಸಿನ ಕಣ್ಣು ತುಂಬಿತ್ತು. ಹೊಳೆವ್ವ ಅವನ ಮುಂದೆ ರೊಟ್ಟಿ, ಖಾರದ ಹಿಂಡಿ ಇಟ್ಟಳು.

ಗಾಯ ತಳದಿಂದ ಕೆಂಪಗೆ ತುಂಬಿಕೊಂಡು ಬಂತು. ನಾತ ಹೋಯಿತು. ಬಾವು ಇಳಿದು ಮೊಣಗಂಟಿನ ಮೂಳೆ ಮತ್ತೆ ಮೂಳೆಯಂತೆ ಕಂಡಿತು. ಆದರೂ ಬಿಜಲಿ ಆ ಕಾಲಿನ ಮೇಲೆ ಪೂರ್ತಿ ಭಾರ ಬಿಡುತ್ತಿರಲಿಲ್ಲ. ಒಳಗಿನ ಕೀಲಿಗೆ ಏಟು ಬಿದ್ದಿದ್ದರೆ ಔಷಧವೂ ಏನು ಮಾಡೀತು ಎಂಬ ಚಿಂತೆ ನನ್ನನ್ನು ಬಿಟ್ಟಿರಲಿಲ್ಲ. ಹೊರೆ ಹೊರಲಾರದ ಕುದುರೆ ಆ ಸಂಸಾರದ ಜೊತೆ ಹೇಗೆ ನಡೆದೀತು?

ಕೊನೆಯ ಸೂಜಿಯ ದಿನ ಮುಂಜಾನೆಯೇ ಜಕ್ಕಪ್ಪ ಬಂದ. ನಾನು ಸಿರಿಂಜನ್ನು ಅವನ ಕೈಗೆ ಕೊಟ್ಟೆ.

"ಇವತ್ತಿನ ಸೂಜಿ ನೀನಽ ಹಾಕು. ನಾ ಹೇಳಿದಂಗ ಹಾಕಬೇಕು."

ಅವನು ದಂಗಾಗಿ ನಿಂತ. ಆಮೇಲೆ ನಲ್ಲಿಗೆ ಹೋಗಿ ಮೊಣಕೈತನಕ ಸಾಬೂನು ತಿಕ್ಕಿದ. ಹೊಳೆವ್ವ ಸಾಲದೆಂದಳು, ಇನ್ನೊಮ್ಮೆ ತಿಕ್ಕಿದ. ಹೊಸ ಸೂಜಿ ಕೂಡಿಸಿ, ಅಳತೆಯ ಗೆರೆಯನ್ನು ನನಗೆ ತೋರಿಸಿ, "ಬೀರಪ್ಪಾ" ಎಂದು ಕುತ್ತಿಗೆಯ ಮಾಂಸಕ್ಕೆ ಚುಚ್ಚಿದ. ಒಂದು ಹನಿಯೂ ಉಳಿಯಲಿಲ್ಲ. ಒಳ್ಳೆಯ ಕೈ, ಅದನ್ನು ಒಪ್ಪಲೇಬೇಕು.

"ಬರಾಬರಿ ಆತ?" ಎಂದ.

"ಬರಾಬರಿ" ಎಂದೆ.

ಅವನ ಎದೆ ಉಬ್ಬಿತು. ಸಂತೋಷದಲ್ಲಿ ಮೈಮರೆತು, ಗಾಯ ನೋಡೋಣವೆಂದು ಬಿಜಲಿಯ ಹಿಂದಕ್ಕೇ ಹೋಗಿ ಬಗ್ಗಿದ. ನಾನು ಬೇಡವೆನ್ನುವಷ್ಟರಲ್ಲಿ ಧಪ್ಪೆಂದು ಸದ್ದಾಯಿತು. ಜಕ್ಕಪ್ಪ ಹಾರಿಹೋಗಿ ದನದ ನೀರಿನ ತೊಟ್ಟಿಯ ಪಕ್ಕದ ಕೆಸರಲ್ಲಿ ಕುಕ್ಕರಿಸಿದ್ದ. ಪಟಗಾ ಒಂದು ಕಡೆ, ಸಿರಿಂಜು ಒಂದು ಕಡೆ. ತೊಡೆಯ ಮೇಲೆ ಗೊರಸಿನ ಗುರುತು ಎದ್ದು ಕಾಣುತ್ತಿತ್ತು.

ಗಿರಮಲ್ಲಪ್ಪ ಅವನನ್ನು ಎತ್ತಲು ಓಡಿದ. ಹೊಳೆವ್ವ ಗಂಡನ ಕಡೆ ಹೊರಳಿಯೂ ನೋಡದೆ ಕುದುರೆಯ ಹತ್ತಿರ ಓಡಿದಳು.

ಕೆಸರಲ್ಲಿ ಕೂತೇ ಜಕ್ಕಪ್ಪ ಕೂಗಿದ. "ಯಾವ ಕಾಲಿಂದ ಒದ್ದಳಽ?"

ಹೊಳೆವ್ವ ಬಗ್ಗಿ ನೋಡಿದಳು. ಎಡ ಗೊರಸಿನ ಅಂಚಿಗೆ ಗಂಡನ ಧೋತರದ ಎಳೆ ಸಿಕ್ಕಿಕೊಂಡಿತ್ತು. ಬಿಜಲಿ ಎಡ ಹಿಂಗಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಹಾಯಾಗಿ ಮೇವು ಮೆಲ್ಲುತ್ತಿತ್ತು.

"ಎಡಗಾಲಿಂದ!" ಹೊಳೆವ್ವನ ದನಿ ಒಡೆಯಿತು. "ಅದಽ ಕಾಲಿಂದ!"

ಜಕ್ಕಪ್ಪ ಎರಡೂ ಕೈ ಮೇಲೆತ್ತಿದ. "ಬಿಡ್ರಿ, ಎಬ್ಬಸಬ್ಯಾಡ್ರಿ ನನ್ನ!" ಎಂದು ಗಿರಮಲ್ಲಪ್ಪನನ್ನು ಸರಿಸಿದ. "ಇನ್ನೊಂದ ಒದೀಲಿ!"