ತರಬಹುದೋ, ತರಬಾರದೋ

ಆ ಮುದ್ರಣಾಲಯದಲ್ಲಿ ಕರಡು ತಿದ್ದುವವಳನ್ನು ಎಲ್ಲರೂ ತಿದ್ದಕ್ಕ ಅನ್ನುತ್ತಿದ್ದರು. ಮದುವೆಯ ಕರೆಯೋಲೆಯಿರಲಿ, ಔಷಧದ ಚೀಟಿಯಿರಲಿ, ಅವಳ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಹೊರಗೆ ಹೋಗುತ್ತಿರಲಿಲ್ಲ. ಅವಳ ನಾಯಿಯ ಹೆಸರು ಕೊಂಬು. ಅದರ ಬಾಲ ‘ಕು’ ಅಕ್ಷರದ ಕೊಂಬಿನ ಹಾಗೆ ಸುರುಳಿಯಾಗಿತ್ತು. ಅಂಥವಳು ಇನ್ನೇನು ಹೆಸರಿಟ್ಟಾಳು!

ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಕೊಂಬು ದಿನವಿಡೀ ಊಳಿಡುತ್ತಿತ್ತು. “ನಾಯೀನ ಕಳಿಸಿ, ಇಲ್ಲಾ ಮನೆ ಖಾಲಿ ಮಾಡಿ” ಎಂದು ಮನೆಯ ಮಾಲೀಕ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟ. ದೂರದಲ್ಲಿದ್ದ ಅಣ್ಣನಿಗೆ ಕೊಡಬಹುದಿತ್ತು, ಮನಸ್ಸು ಬರಲಿಲ್ಲ. ಕೊನೆಗೆ ಮುದ್ರಣಾಲಯದ ಯಜಮಾನರ ಕೈಕಾಲು ಹಿಡಿದು, ಕೆಲಸಕ್ಕೇ ಕರೆತಂದು ಮೇಜಿನ ಕೆಳಗೆ ಕೂರಿಸಿಕೊಂಡಳು.

ಎರಡೇ ವಾರ. ಮೂಗಿನ ತುದಿಯಲ್ಲೇ ಕೋಪವಿದ್ದ ಯಂತ್ರದವನು ಊಟದ ಬಿಡುವಿನಲ್ಲಿ ಕೊಂಬಿನ ಹೊಟ್ಟೆ ಕೆರೆಯುತ್ತಾ ತೊದಲು ಮಾತಾಡತೊಡಗಿದ. ಅಕ್ಷರ ಜೋಡಿಸುವವಳು ತಲೆನೋವಿನ ಮಾತ್ರೆ ಮರೆತಳು. ಆಮೇಲೆ ಒಂದು ದಿನ ಕೊಂಬು ಬೈಂಡರನ ಹಿಟ್ಟಿನ ಅಂಟನ್ನು ತಳದವರೆಗೂ ನೆಕ್ಕಿ, ಮೂತಿಗೆ ರಟ್ಟು ಅಂಟಿಸಿಕೊಂಡು ಓಡಾಡಿತು.

“ಇದಕ್ಕೇನು ಕೊಂಬಿದ್ಯಾ?” ಎಂದು ಬೈಂಡರ್ ಕೂಗಾಡಿದ.

“ಅದರ ಹೆಸರೇ ಅದಲ್ವೇನೋ!” ಎಂದ ಯಂತ್ರದವನು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೈಂಡರ್ ಮಾತ್ರ ಸೀದಾ ಯಜಮಾನರ ಕೋಣೆಗೆ ಹೋದ. ದೂರು ಹೇಳಲೇ ಹೋದ ಎಂದುಕೊಂಡ ತಿದ್ದಕ್ಕ ಕೊಂಬನ್ನು ಮೇಜಿನ ಕೆಳಗೆ ಎಳೆದುಕೊಂಡಳು.

ಸಂಜೆ ಒಂದು ಸೂಚನೆಯ ಕರಡು ಅವಳ ಮೇಜಿಗೇ ಬಂತು: ‘ಸಿಬ್ಬಂದಿ ತಮ್ಮ ಸಾಕುನಾಯಿಗಳನ್ನು ಇಲ್ಲಿಗೆ ತರಬಹುದು.’

ಜೋಡಿಸಿದವಳ ಕೈ ತಪ್ಪಿದೆ ಅನ್ನಿಸಿತು ತಿದ್ದಕ್ಕನಿಗೆ. ‘ತರಬಾರದು’ ಅಂತಿರಬೇಕಾದದ್ದು. ಸುಮ್ಮನೆ ಸಹಿ ಹಾಕಿದರೆ ಕೊಂಬು ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅದು ಅವಳ ಪಾದದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು. ಹಾಳು ಕೈ ಕೇಳಬೇಕಲ್ಲ! ‘ಬಹು’ ಹೊಡೆದು ‘ಬಾರ’ ಎಂದು ಬರೆದೇಬಿಟ್ಟಿತು. ಕರಡು ಒಳಗೆ ಕಳಿಸಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅಣ್ಣನಿಗೆ ಫೋನ್ ಮಾಡಲು ಎದ್ದಳು.

ಅಷ್ಟರಲ್ಲಿ ಯಜಮಾನರೇ ಕರಡು ಹಿಡಿದು ಬಂದರು. “ಏನು ತಾಯಿ ಇದು? ನಾನು ಬರೆದದ್ದೊಂದು, ನೀನು ತಿದ್ದಿದ್ದೊಂದು!”

“ತಪ್ಪು ಬಿದ್ದಿತ್ತಲ್ಲ ಸಾರ್...”

“ತಪ್ಪು ನಿಂದು! ‘ಅಂಟು ಮೇಲಿಟ್ಕೋತೀನಿ, ಬೈದೆ ಅಂತ ಅಕ್ಕ ನಾಯೀನ ಬಿಟ್ಟುಬಂದಾರು, ನೀವೇ ಬರೆದು ಹಾಕಿ’ ಅಂತ ಬೈಂಡರ್ ನನ್ನ ತಲೆ ತಿಂದಿದ್ದಾನೆ.”

ತಿದ್ದಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಯಜಮಾನರು ಅವಳ ಪೆನ್ನನ್ನೇ ಕಸಿದುಕೊಂಡು, ತಪ್ಪಾಗಿ ತಿದ್ದಿದ್ದನ್ನು ರದ್ದು ಮಾಡುವಾಗ ಕರಡಿನವರು ಮಾಡುವಂತೆಯೇ, ಹೊಡೆದ ಅಕ್ಷರಗಳ ಕೆಳಗೆ ಚುಕ್ಕೆ ಇಟ್ಟು ಅಂಚಿನಲ್ಲಿ ಬರೆದರು: ‘ಇದ್ದ ಹಾಗೇ ಇರಲೀ.’

‘ಲಿ’ಗೆ ದೀರ್ಘ ಬೇಕಿರಲಿಲ್ಲ. ತಿದ್ದಕ್ಕ ನೋಡಿದಳು. ನೋಡಿ, ಪೆನ್ನಿಗೆ ಮುಚ್ಚಳ ಹಾಕಿದಳು.