ಕೂದಲಿಗಾಗಿ ಕ್ಷಮೆ

ಸಮ್ರೂಯ್ ತನ್ನ ಮಗನ ಉದುರಿದ ಕೂದಲನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಬೆಳಿಗ್ಗೆ ದಿಂಬಿನ ಮೇಲಿಂದ ಹೆಕ್ಕಿದ್ದು, ಬಚ್ಚಲಿನ ಜಾಲರಿಯಿಂದ ಕೆದಕಿ ತೆಗೆದ ಲೋಳೆಗಟ್ಟಿದ ಉಂಡೆ, ಎಲ್ಲವೂ ಅದರೊಳಗೇ. ಪೆಚಬುರಿ ಊರಿನ ಸಂತೆಬೀದಿಯಲ್ಲಿ ಅವಳದು ಸಿಹಿತಿಂಡಿ ಅಂಗಡಿ. ತಾಳೆಬೆಲ್ಲ, ಮೊಟ್ಟೆ, ತೆಂಗಿನಹಾಲು ಕಲಸಿ ಬೇಯಿಸಿದ ತಿಂಡಿಯ ತಟ್ಟೆಗಳ ಪಕ್ಕದಲ್ಲೇ ಆ ಡಬ್ಬಿಗೂ ಜಾಗ. ಗಿರಾಕಿ ಬಂದರೆ ಸಾಕು, ಮುಚ್ಚಳ ತೆಗೆದು ಮೂಗಿನ ಕೆಳಗೆ ಹಿಡಿಯುವಳು.

"ನೋಡ್ರೇ, ಇದು ಬರೀ ಒಂದು ವಾರದ್ದು. ಆ ಪ್ರಾನೀ ಕೈಗುಣ! ಇಬ್ಬರು ಗಂಡಂದಿರನ್ನ ನುಂಗಿದ ಕೈ, ನನ್ನ ಮಗನ ತಲೆ ಬಿಡುತ್ತಾ?"

ಆಮೇಲೆ ಅದೇ ಬೆರಳಲ್ಲಿ ತಿಂಡಿ ಕತ್ತರಿಸಿ ಕೊಡುವಳು. ಒರತಾಯ್ ಮೊದಲ ಸಲ ಇದನ್ನು ನೋಡಿದಾಗ ಬಾಯಲ್ಲಿದ್ದ ತುಂಡನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದ್ದಳು. ಉಗುಳುವ ಹಾಗಿರಲಿಲ್ಲ. ಅವಳು ಈ ಸಮ್ರೂಯ್‌ಗೆ ಸೊಸೆಯಾಗುವವಳು, ಅಂಗಡಿಯಲ್ಲಿ ಬೈಸಿಕೊಳ್ಳುತ್ತಿದ್ದ ಪ್ರಾನೀ ಅವಳ ಚಿಕ್ಕಮ್ಮ. ಅಮ್ಮ ಸತ್ತ ಮೇಲೆ ದೇವಸ್ಥಾನದ ಬಾಗಿಲಲ್ಲಿ ಮಲ್ಲಿಗೆ ಮಾಲೆ ಕಟ್ಟಿ ಮಾರಿ ಅವಳನ್ನು ಸಾಕಿದವಳು ಈ ಚಿಕ್ಕಮ್ಮನೇ.

ಆಗಿದ್ದು ಇಷ್ಟು. ಮದುವೆಗೆ ಮುಂಚೆ ಗಂಡುಮಕ್ಕಳು ಒಂದು ಮಳೆಗಾಲ ಭಿಕ್ಷುವಾಗಿ ವಿಹಾರದಲ್ಲಿದ್ದು ಬರುವುದು ಅಲ್ಲಿಯ ಪದ್ಧತಿ. ಸಮ್ರೂಯ್ ಮಗ ಚಕ್ರಿತ್ ಕೂಡ ಹೊರಟ. ತಲೆ ಬೋಳಿಸುವ ಮೊದಲು ಹೆತ್ತವರು, ಹಿರಿಯರು ಒಂದೊಂದು ಎಳೆ ಕತ್ತರಿಸಿ ಕಮಲದೆಲೆಯ ಮೇಲೆ ಇಡಬೇಕು. ಆ ದಿನ ಸಂಭ್ರಮದಲ್ಲಿ ಉಬ್ಬಿಹೋಗಿದ್ದ ಸಮ್ರೂಯ್ ತಾನೇ ಕತ್ತರಿ ಹಿಡಿದು, "ಬಾರೇ ಪ್ರಾನೀ, ಬೀಗಿತ್ತಿ ಅಲ್ವಾ ನೀನು, ಮೊದಲು ನೀನೇ ಕತ್ತರಿಸು" ಎಂದು ಎಲ್ಲರ ಮುಂದೆ ಕರೆದಿದ್ದಳು. ಪ್ರಾನೀ ಬೇಡ ಬೇಡವೆಂದು ಹಿಂದೆ ಸರಿದರೂ ಬಿಡಲಿಲ್ಲ. ಆಮೇಲೆ ತಲೆಯ ಜೊತೆ ಹುಬ್ಬನ್ನೂ ಬೋಳಿಸಿದರು, ಚಕ್ರಿತ್ ಕಾವಿ ಉಟ್ಟ, ಮಳೆಗಾಲ ಮುಗಿದ ಮೇಲೆ ಮನೆಗೆ ಬಂದ. ಕೂದಲು ಬೆಳೆಯತೊಡಗಿತು. ಬೆಳೆದದ್ದು ಇಲಿ ಕಚ್ಚಿದ ಕಂಬಳಿಯ ಹಾಗೆ ಅಲ್ಲಲ್ಲಿ ತೇಪೆ ತೇಪೆಯಾಗಿ. ಹುಬ್ಬಿನ ಹೊರತುದಿಯಂತೂ ಬರಲೇ ಇಲ್ಲ.

ಕತ್ತರಿ ಕೈಗಿಟ್ಟವಳು ತಾನು ಎನ್ನುವುದನ್ನು ಸಮ್ರೂಯ್ ಸಲೀಸಾಗಿ ಮರೆತಳು. ವಿಧವೆ ಮೊದಲ ಎಳೆ ಕತ್ತರಿಸಿದ್ದಕ್ಕೇ ಹೀಗಾಯಿತು ಎಂದು ಊರೆಲ್ಲ ಸಾರಿದಳು. ಮಗನ ತಲೆಗೆ ದಿನಾ ಬೆಳ್ಳುಳ್ಳಿ ಅರೆದು, ಹಸಿ ಬಾತುಮೊಟ್ಟೆ ಸೇರಿಸಿ ಮೆತ್ತುವಳು. ಅವನು ಹತ್ತಿರ ಬಂದರೆ ಕೊಳೆತ ವಾಸನೆ ಹೊಡೆಯುತ್ತಿತ್ತು. ಕೊನೆಗೆ ಅವಳು ಒಂದು ಷರತ್ತು ಹಾಕಿದಳು. ಭಾನುವಾರ ಪ್ರಾನೀ ತಟ್ಟೆಯಲ್ಲಿ ಹೂವು, ಊದುಬತ್ತಿ, ಮೇಣದಬತ್ತಿ ಇಟ್ಟುಕೊಂಡು ಬಂದು, ನೆಂಟರ ಎದುರು ಮಂಡಿಯೂರಿ ಕ್ಷಮೆ ಕೇಳಬೇಕು. ಇಲ್ಲವಾದರೆ ಮದುವೆ ಇಲ್ಲ.

"ಕೇಳ್ತೀನಿ ಬಿಡು. ನನ್ನ ಮಂಡಿ ಏನು ಚಿನ್ನದ್ದಾ? ನಿನ್ನ ಮದುವೆ ಆದ್ರೆ ಸಾಕು" ಎಂದಳು ಪ್ರಾನೀ. ಆದರೆ ಮಾಲೆ ಮಾರಲು ಹೋಗುವುದನ್ನು ನಿಲ್ಲಿಸಿದ್ದಳು. ಅವಳ ಕೈಯಿಂದ ಹೂ ಕೊಳ್ಳುವವರು ಯಾರೂ ಉಳಿದಿರಲಿಲ್ಲ.

ಒರತಾಯ್‌ಗೆ ಮೈಯೆಲ್ಲ ಉರಿಯಿತು. ಚಕ್ರಿತ್‌ನ ಅಪ್ಪನ ತಲೆ ಮುಂದಿನಿಂದ ಹಿಂದಿನ ತನಕ ಬೋಳು. ಇದು ವಂಶದಿಂದ ಬಂದದ್ದು ಎಂದು ಒಬ್ಬ ಡಾಕ್ಟರ್ ಬಾಯಿಂದ ಹೇಳಿಸಿದರೆ ಚಿಕ್ಕಮ್ಮನ ಮಂಡಿ ನೆಲಕ್ಕೆ ತಾಕುವುದು ತಪ್ಪುತ್ತದೆ. ಹೀಗೆ ಲೆಕ್ಕ ಹಾಕಿ ಅವನನ್ನು ಚರ್ಮದ ಡಾಕ್ಟರ್ ಬಳಿಗೆ ಎಳೆದುಕೊಂಡು ಹೋದಳು.

ಡಾಕ್ಟರ್ ವಿಪಾ ನಡುವಯಸ್ಸಿನವರು, ಗಡಸು ದನಿಯವರು. ಮೊದಲು ಅವನನ್ನು ತಲೆ ತೊಳೆದು ಬರಲು ಕಳಿಸಿದರು. ಆಮೇಲೆ ದೀಪ ಹತ್ತಿರ ಎಳೆದು, ಮಸೂರ ಹಿಡಿದು ನೆತ್ತಿ, ಹಣೆಯ ಎರಡು ಮೂಲೆ, ಕಿವಿಯ ಹಿಂಭಾಗ, ಹೆಡಕು, ಒಂದನ್ನೂ ಬಿಡದೆ ನೋಡಿದರು. ಒಂದು ಚಿಟಿಕೆ ಕೂದಲು ಹಿಡಿದು ಮೆಲ್ಲಗೆ ಎಳೆದು, ಎಷ್ಟು ಕೈಗೆ ಬಂತೆಂದು ನೋಡಿದರು. ಜ್ವರ ಬಂದಿತ್ತಾ, ಊಟ ಬಿಟ್ಟಿದ್ದೆಯಾ, ಯಾವುದಾದರೂ ಮಾತ್ರೆ ನುಂಗುತ್ತೀಯಾ ಎಂದು ಕೇಳಿದರು.

"ನಮ್ಮಪ್ಪನೂ ಬೋಳ ಡಾಕ್ಟರೇ. ವಂಶದ್ದೇ ಇರಬೇಕು ಅಲ್ವಾ?" ಎಂದ ಚಕ್ರಿತ್, ಆಸೆಯಿಂದ.

"ವಂಶದ್ದಾದ್ರೆ ಹಣೆ ಮೂಲೆ, ನೆತ್ತಿಯಿಂದ ಶುರುವಾಗುತ್ತೆ. ಕೂದಲು ಮೊದಲು ಸಣ್ಣಗಾಗಿ, ನಿಧಾನವಾಗಿ ಹೋಗುತ್ತೆ. ನಿಂದು ಹಾಗಿಲ್ಲ. ಪಕ್ಕದಲ್ಲಿ, ಹಿಂದೆ, ಎಲ್ಲೆಂದರಲ್ಲಿ ಹೋಗಿದೆ, ಹುಬ್ಬೂ ಹೋಗಿದೆ. ಎಲ್ಲಿ, ಅಂಗೈ ತೋರಿಸು."

ಅಂಗೈಯಲ್ಲಿ ತಾಮ್ರದ ಬಣ್ಣದ ಚುಕ್ಕೆಗಳಿದ್ದವು. ಒರತಾಯ್ ಅವನ್ನು ಮುಂಚೆಯೇ ನೋಡಿದ್ದಳು. ತಾನು ಕೆಲಸ ಮಾಡುವ ಬೈಕ್ ಅಂಗಡಿಯಲ್ಲಿ ಎಣ್ಣೆ ತಾಗಿ ಆಗಿದ್ದು ಎಂದು ಅವನು ಹೇಳಿದ್ದ. ಡಾಕ್ಟರ್ ಮಸೂರ ಕೆಳಗಿಟ್ಟು, ಅವಳನ್ನು ಸ್ವಲ್ಪ ಹೊತ್ತು ಹೊರಗಿರಲು ಹೇಳಿದರು.

ಅವನು ಹೊರಬಂದಾಗ ಮುಖ ಸುಣ್ಣದಂತಾಗಿತ್ತು. ತೋಳಿನಲ್ಲಿ ರಕ್ತ ತೆಗೆದ ಕಡೆ ಹತ್ತಿ ಒತ್ತಿಕೊಂಡಿದ್ದ.

"ಒಂದು ಸೋಂಕಂತೆ. ನಿನಗೆ ನಾನೇ ಹೇಳ್ಬೇಕಂತೆ. ನೀನೂ ರಕ್ತ ಕೊಡ್ಬೇಕಂತೆ."

"ಯಾವ ಸೋಂಕು?"

ಅವನು ನೆಲ ನೋಡಿದ. "ಹೆಂಗಸರ ಹತ್ರ ಹೋದ್ರೆ ಬರುತ್ತಲ್ಲ, ಅದು. ಕಾವಿ ಉಡೋಕೆ ಮುಂಚೆ ಫ್ರೆಂಡ್ಸು ಬೀಚಿನ ಕಡೆ ಹುವಾ ಹಿನ್‌ಗೆ ಕರ್ಕೊಂಡು ಹೋದ್ರು. ಇನ್ನು ಮೂರು ತಿಂಗಳು ಏನೂ ಇಲ್ಲ, ನಡಿಯೋ ಅಂದ್ರು. ಒಂದೇ ಸಲ."

"ಆಮೇಲೆ ನಿನಗೇನೂ ಗೊತ್ತಾಗ್ಲಿಲ್ವಾ?"

"ವಿಹಾರದಲ್ಲಿದ್ದಾಗ ಒಂದು ಹುಣ್ಣಾಗಿತ್ತು, ಕೆಳಗೆ. ನೋವಿರ್ಲಿಲ್ಲ. ತಾನಾಗೇ ಹೋಯ್ತು. ಹೋಯ್ತಲ್ಲ ಅಂತ ಸುಮ್ಮನಾದೆ."

ಹೋಯಿತಂತೆ! ಆ ಹುಣ್ಣನ್ನು ಕಾವಿಯ ಕೆಳಗೆ ಮುಚ್ಚಿಟ್ಟುಕೊಂಡು ಇವನು ಬೆಳಿಗ್ಗೆ ಭಿಕ್ಷಾಪಾತ್ರೆ ಹಿಡಿದು ಬಂದಿದ್ದ. ಚಿಕ್ಕಮ್ಮ ಚಪ್ಪಲಿ ಕಳಚಿ, ಬಿಸಿ ಅನ್ನ ಬಡಿಸಿ, ರಸ್ತೆಯ ಮೇಲೆ ಕೂತು ಕೈಮುಗಿದಿದ್ದಳು. ಊರಿಗೆ ಬಂದ ಮೇಲೆ, ಮದುವೆ ಹೇಗೂ ಆಗುತ್ತದಲ್ಲ ಎಂದು ಒರತಾಯ್‌ಳನ್ನು ಪುಸಲಾಯಿಸಿ ಹತ್ತಿರ ಬಂದಿದ್ದ. ಅವನ ಕೈ ತಾಗಿದ ಜಾಗವನ್ನೆಲ್ಲ ಬೂದಿ ಹಾಕಿ ಉಜ್ಜಬೇಕು ಅನ್ನಿಸಿತು ಅವಳಿಗೆ. ಆಸ್ಪತ್ರೆಯ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದುಕೊಂಡು ಬಂದು ತೋಳು ಚಾಚಿದಳು.

ಮರುದಿನ ವರದಿ ಬಂತು. ಇಬ್ಬರಿಗೂ ಇತ್ತು.

ಡಾಕ್ಟರ್ ವಿಪಾ ಹೆದರಬೇಡವೆಂದರು. ಹೊತ್ತಿಗೆ ಸರಿಯಾಗಿ ಸಿಕ್ಕಿದೆ, ಸೂಜಿಮದ್ದಿಗೆ ಪೂರ್ತಿ ವಾಸಿಯಾಗುತ್ತದೆ, ಮತ್ತೆ ರಕ್ತ ನೋಡೋಣ, ಅಲ್ಲಿಯ ತನಕ ಒಬ್ಬರಿಗೊಬ್ಬರು ದೂರವಿರಿ ಎಂದರು. ಏನಾದರೂ ಕೇಳುವುದಿದೆಯಾ ಎಂದು ಚಕ್ರಿತ್ ಕಡೆ ನೋಡಿದರು.

"ಕೂದಲು ವಾಪಸ್ ಬರುತ್ತಾ ಡಾಕ್ಟರೇ?"

"ಬರುತ್ತೆ" ಎಂದರು ಅವರು. ಒರತಾಯ್ ಕಡೆ ಕಣ್ಣು ಹಾಯಿಸಿ, "ಬೇರೇನೂ ಕೇಳೋದಿಲ್ವಾ?" ಎಂದರು. ಅವನು ಇಲ್ಲವೆಂದು ತಲೆಯಾಡಿಸಿದ. ಗೋಡೆಯ ಕನ್ನಡಿಯಲ್ಲಿ ಆಗಲೇ ಪಕ್ಕದ ತೇಪೆಯನ್ನು ತಿರುಗಿ ತಿರುಗಿ ನೋಡಿಕೊಳ್ಳುತ್ತಿದ್ದ.

ಸೊಂಟದ ಕೆಳಗೆ ಚುಚ್ಚಿದ ಮದ್ದು ಕಾದ ಸೀಸದ ಹಾಗೆ ಇಳಿಯಿತು. ಕುಂಟುತ್ತ ಹೊರಗೆ ಬಂದ ಒರತಾಯ್ ಅವನನ್ನು ತಡೆದು ನಿಲ್ಲಿಸಿದಳು.

"ನಿಮ್ಮಮ್ಮನಿಗೆ ಕಾಯಿಲೆ ಹೆಸರು ಹೇಳ್ಬೇಡ. ಪ್ರಾನೀ ಚಿಕ್ಕಮ್ಮಂದು ತಪ್ಪಲ್ಲ, ಡಾಕ್ಟರ್ ಹೇಳಿದ್ರು ಅಂತ ಅಷ್ಟೇ ಹೇಳು. ಭಾನುವಾರದೊಳಗೆ."

"ಯಾಕೆ ಅಂತ ಬಿಡಿಸಿ ಬಿಡಿಸಿ ಕೇಳ್ತಾಳೆ ಕಣೇ. ಹೇಗೂ ಊರೆಲ್ಲ ನಂಬಿದೆ. ಒಂದು ಸಲ ಮಂಡಿಯೂರಿದ್ರೆ ಚಿಕ್ಕಮ್ಮಂಗೆ ಏನು ಸವೆಯುತ್ತೆ?"

ಒರತಾಯ್ ಬಾಯಲ್ಲಿ ಎಂಜಲು ತುಂಬಿಬಂತು. ಉಗಿಯಲಿಲ್ಲ. ಚಿಕ್ಕಮ್ಮನಿಗೂ ಹೇಳಲಿಲ್ಲ. ಹೇಳಬೇಕಾದರೆ ತನ್ನದೂ ಹೇಳಬೇಕು. ಮದುವೆಗೆ ಮುಂಚೆಯೇ ಸೆರಗು ಜಾರಿಸಿದವಳು ಎಂದು ಬೀದಿ ಆಡಿಕೊಳ್ಳುತ್ತದೆ, ರೋಗ ಹತ್ತಿದವಳು ಎಂದೂ ಸೇರಿಸುತ್ತದೆ. ಅವನಿಗೆ ಒಂದು ತೊಟ್ಟು ಮಾನವಿದ್ದರೆ ಭಾನುವಾರ ತಾನೇ ಬಾಯಿ ಬಿಡುತ್ತಾನೆ ಎಂದು ಕಾದಳು.

ಭಾನುವಾರ ಸಮ್ರೂಯ್ ಮನೆಯ ಜಗುಲಿಯಲ್ಲಿ ನೆಂಟರ ಹೆಂಗಸರು ಮದುವೆಗೆ ಬಂದವರಂತೆ ಸಿಂಗರಿಸಿಕೊಂಡು ಕೂತಿದ್ದರು. ಚಕ್ರಿತ್ ಟೊಪ್ಪಿ ಹಾಕಿಕೊಂಡು ಅಮ್ಮನ ಪಕ್ಕದಲ್ಲಿದ್ದ. ಪ್ರಾನೀ ತಟ್ಟೆ ಹಿಡಿದು ಬಂದು ಮಂಡಿಯೂರಿದಳು. ತಟ್ಟೆ ವಾಲಿ ಊದುಬತ್ತಿಗಳು ಉರುಳಿದವು.

"ಇನ್ನೂ ಬಗ್ಗು" ಎಂದಳು ಸಮ್ರೂಯ್. "ನನ್ನ ಕೈಯಿಂದ ಈ ಮಗುವಿಗೆ ಕೇಡಾಯ್ತು ಅನ್ನು. ಗಟ್ಟಿಯಾಗಿ ಅನ್ನು, ಎಲ್ಲರಿಗೂ ಕೇಳ್ಲಿ."

ಒರತಾಯ್ ಚಕ್ರಿತ್ ಕಡೆ ನೋಡಿದಳು. ಅವನು ಟೊಪ್ಪಿಯ ಅಂಚನ್ನು ಹುಬ್ಬಿನ ತನಕ ಎಳೆದುಕೊಂಡ. ಪ್ರಾನೀ ತಲೆ ಬಗ್ಗಿಸಿ, "ನನ್ನ ಕೈಯಿಂದ..." ಎಂದು ಶುರುಮಾಡಿದಳು.

"ಸಾಕು ಚಿಕ್ಕಮ್ಮ, ಹೇಳ್ಬೇಡ" ಎಂದು ಒರತಾಯ್ ಮುಂದೆ ಬಂದಳು. "ಅತ್ತೆ, ನಿಮ್ಮ ಮಗ ಹುವಾ ಹಿನ್‌ಗೆ ಹೋಗಿ ಸೂಳೆಯರ ಕಾಯಿಲೆ ತಂದಿದ್ದಾನೆ. ಕೂದಲು ಉದುರಿದ್ದು ಅದಕ್ಕೆ. ಅವನಿಂದ ನನಗೂ ಬಂದಿದೆ, ನಾನೂ ಸೂಜಿ ಚುಚ್ಚಿಸಿಕೊಂಡಿದ್ದೀನಿ. ನನ್ನ ತಲೆಗೆ ಯಾವ ವಿಧವೆ ಕತ್ತರಿ ಹಾಕಿದ್ದಳು? ಹೇಳಿ!"

ಪಕ್ಕದಲ್ಲಿ ಕೂತಿದ್ದ ಹೆಂಗಸು ಕಾಲಿನ ತನಕ ಉಟ್ಟಿದ್ದ ಲುಂಗಿಯ ಅಂಚನ್ನು ಸರಕ್ಕನೆ ಎಳೆದುಕೊಂಡು ಒರತಾಯ್‌ಳಿಂದ ದೂರ ಜರುಗಿದಳು. ಇನ್ನೊಬ್ಬಳು ಬಾಯಿಗೆ ಕೈ ಅಡ್ಡ ಇಟ್ಟಳು. ಸಮ್ರೂಯ್ ಮುಖ ಕೆಂಪಾಗಿ, ಆಮೇಲೆ ಬೂದಿಬಣ್ಣವಾಗಿ, ಮಗನ ಕಡೆ ತಿರುಗಿತು.

"ಕೂದಲು ಬರುತ್ತಮ್ಮ. ಡಾಕ್ಟರ್ ಹೇಳಿದ್ದಾರೆ" ಎಂದ ಚಕ್ರಿತ್.

"ಪೂರ್ತಿ ಬರುತ್ತಾ?" ಎಂದು ಕೇಳಿದಳು ಸಮ್ರೂಯ್.

ಥೂ, ಎಂದುಕೊಂಡಳು ಒರತಾಯ್. ಇದನ್ನೇ ಅತ್ತೆಮನೆ ಅನ್ನಲು ಹೊರಟಿದ್ದೆನಲ್ಲ. ಪ್ರಾನೀ ನೆಲಕ್ಕೆ ಕೈಯೂರಿ ಎದ್ದು ನಿಂತಳು. ಒರತಾಯ್‌ಳ ರಟ್ಟೆ ಹಿಡಿದು ಜಗುಲಿ ಇಳಿಸಿ, ಬೀದಿಗೆ ಬಂದ ಮೇಲೆ ಹುಡುಗಿ ಕುಂಟುವುದನ್ನು ಗಮನಿಸಿದಳು.

"ಚುಚ್ಚಿದ ಕಡೆ ತುಂಬಾ ನೋವಿದೆಯೇನೇ?" ಎಂದಳು.

"ಇದೆ ಚಿಕ್ಕಮ್ಮ" ಎಂದಳು ಒರತಾಯ್. ಆಗ ಅವಳಿಗೆ ಅಳು ಬಂತು.